ಕುತ್ತಿಗೆಗೆ ಬಂದ ವಿಮೋಚನೆ

ನೂರಕ್ಕೆ ನೂರು ಅಂಕ ಬಂದರೆ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರು ಯಾರು ಎಂದು ಕೇಳಬೇಕು. ಇಷ್ಟು ಸಂಶಯ ಯಾವ ಹೈಸ್ಕೂಲಿನ ಹೆಡ್‌ಮಾಸ್ತರಿಗೂ ಇರುತ್ತದೆ. ಟಿವಿ ಚಾನೆಲ್ಲುಗಳಿಗೆ, ಸರ್ಕಾರಗಳಿಗೆ ಇರಲೇಬೇಕೆಂದಿಲ್ಲ. 2009ರಲ್ಲಿ ಇಟಲಿಯ ಫೆರಾರಾ ವಿಶ್ವವಿದ್ಯಾಲಯದಿಂದ ಅಂಥದೊಂದು ಅಂಕಪಟ್ಟಿ ಹೊರಬಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವ 65 ಜನರ ಕುತ್ತಿಗೆ ಮತ್ತು ಎದೆಯ ಅಭಿಧಮನಿಗಳನ್ನು ಪರೀಕ್ಷಿಸಿದರೆ ಅಷ್ಟೂ ಜನರಲ್ಲಿ ರಕ್ತ ವಾಪಸು ಹರಿಯುವ ದಾರಿ ಕೆಟ್ಟಿತ್ತು. ಆ ರೋಗವಿಲ್ಲದ 235 ಜನರನ್ನು ನೋಡಿದರೆ ಒಬ್ಬರಲ್ಲೂ ಹಾಗಿರಲಿಲ್ಲ. ರೋಗಿಗಳೆಲ್ಲ ಈ ಕಡೆ, ನಿರೋಗಿಗಳೆಲ್ಲ ಆ ಕಡೆ, ನಡುವೆ ದಾರಿ ತಪ್ಪಿದವರು ಯಾರೂ ಇಲ್ಲ. ಬಸುರಿ ಹೌದೋ ಅಲ್ಲವೋ ಎಂದು ಹೇಳುವ ಔಷಧಿ ಅಂಗಡಿಯ ಪಟ್ಟಿ ಕೂಡ ಇಷ್ಟು ಧೈರ್ಯವಾಗಿ ಮಾತಾಡುವುದಿಲ್ಲ.

ಎಂ.ಎಸ್. ಎಂದರೆ ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ತಿರುಗಿಬಿದ್ದು ಮಿದುಳು, ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರೊಳಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಒಂದು ಬೆಳಗ್ಗೆ ಎದ್ದರೆ ಒಂದು ಕಣ್ಣು ಮಸುಕು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ತಿಂಗಳುಗಳು ಕಳೆದು ಕಾಲು ಜೋಮು ಹಿಡಿಯುತ್ತದೆ, ಅದೂ ಇಳಿಯುತ್ತದೆ. ಮತ್ತೆ ಇನ್ನೇನೋ ಬರುತ್ತದೆ. ಹೆಚ್ಚಿನವರಲ್ಲಿ ಮೊದಲ ವರ್ಷಗಳು ಹೀಗೇ ಬಂದು ಹೋಗುವ ಆಟ. ಕೆಲವರಲ್ಲಿ ಮಾತ್ರ ಬಂದದ್ದು ಹೋಗದೆ ಏರುತ್ತಲೇ ಇರುತ್ತದೆ. ಈ ಬಂದು ಹೋಗುವ ಗುಣವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಬಹಳ ಜನ ಇದರ ಮೇಲೆಯೇ ಹೊಟ್ಟೆ ಹೊರೆದುಕೊಂಡರು.

ಅಂಕಪಟ್ಟಿಗೆ ಸಹಿ ಹಾಕಿದವರಲ್ಲಿ ಮೊದಲಿಗರು ಪಾವ್ಲೊ ಜಾಂಬೋನಿ. ನರರೋಗ ತಜ್ಞರಲ್ಲ, ರಕ್ತನಾಳಗಳ ಸರ್ಜನ್. ಅವರ ಹೆಂಡತಿಗೆ 1990ರ ದಶಕದಲ್ಲಿ ಎಂ.ಎಸ್. ಕಾಣಿಸಿಕೊಂಡಿತ್ತು. ಗಂಡ ತನ್ನ ಕಸುಬಿನ ಕಣ್ಣಿನಿಂದಲೇ ಆ ರೋಗವನ್ನು ನೋಡಿದರು. ಕಾಲಿನ ನಾಳ ಕೆಟ್ಟು ರಕ್ತ ಕೆಳಗೇ ನಿಂತರೆ ಅದರಲ್ಲಿನ ಕಬ್ಬಿಣದ ಅಂಶ ಸುತ್ತಲಿನ ಮಾಂಸಕ್ಕೆ ಇಂಗುತ್ತದೆ, ಉರಿಯೂತ ಏಳುತ್ತದೆ, ಕೊನೆಗೆ ಹುಣ್ಣಾಗುತ್ತದೆ. ಮಿದುಳಿನಿಂದ ರಕ್ತ ಇಳಿಸುವ ಜುಗ್ಯುಲರ್ ನಾಳ, ಬೆನ್ನುಹುರಿಯ ಕಡೆಯ ರಕ್ತವನ್ನು ತರುವ ಅಜೈಗಸ್ ನಾಳ ಕಿರಿದಾದರೆ ಮಿದುಳಲ್ಲೂ ಹಾಗೇ ಆಗಬಾರದೇಕೆ ಎಂಬುದು ಅವರ ಪ್ರಶ್ನೆ. ಈ ಸ್ಥಿತಿಗೆ ಅವರಿಟ್ಟ ಹೆಸರು ಒಂದು ಉಸಿರಿಗೆ ಹೇಳಲಾಗದಷ್ಟು ಉದ್ದ. ಜಗತ್ತು ಅದನ್ನು ಸಿಸಿಎಸ್‌ವಿಐ ಎಂದು ಮೊಟಕು ಮಾಡಿಕೊಂಡಿತು. ಪರಿಹಾರವೂ ಬೆನ್ನಿಗೇ ಬಂತು. ತೊಡೆಸಂದಿಯ ನಾಳದೊಳಗೆ ತೆಳ್ಳನೆಯ ಕೊಳವೆ ತೂರಿಸಿ, ಕುತ್ತಿಗೆವರೆಗೆ ಏರಿಸಿ, ಕಿರಿದಾದ ಜಾಗದಲ್ಲಿ ಪುಟ್ಟ ಬಲೂನು ಊದಿಸಿ ಅಗಲ ಮಾಡುವುದು. ಇದಕ್ಕೆ ‘ಲಿಬರೇಷನ್’ ಎಂದು ಹೆಸರಾಯಿತು. ನಾವು ವಿಮೋಚನೆ ಎನ್ನೋಣ.

ನಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಊಹೆ ಹುಚ್ಚಿನದಲ್ಲ. ಎಂ.ಎಸ್.ನ ಗಾಯದ ನಟ್ಟನಡುವೆ ಒಂದು ಪುಟ್ಟ ರಕ್ತನಾಳ ಇರುವುದನ್ನು 19ನೇ ಶತಮಾನದ ರೋಗಶಾಸ್ತ್ರಜ್ಞರೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. 1930ರ ದಶಕದಲ್ಲಿ ಅಮೆರಿಕದ ಟ್ರೇಸಿ ಪಟ್ನಮ್ ನಾಯಿಗಳ ಮಿದುಳಿನ ಅಭಿಧಮನಿಗಳನ್ನು ಮುಚ್ಚಿ ನೋಡಿದ್ದರು, ಮುಂದೆ ಎಂ.ಎಸ್. ರೋಗಿಗಳಿಗೆ ರಕ್ತ ತೆಳುಮಾಡುವ ಮಾತ್ರೆ ಕೊಟ್ಟೂ ನೋಡಿದ್ದರು. ಗಿಟ್ಟಲಿಲ್ಲ. ಗಾಯದ ನಡುವೆ ಕಾಣುವ ಆ ನಾಳವನ್ನು ಇವತ್ತಿಗೂ ಎಂಆರ್‌ಐ ಚಿತ್ರದಲ್ಲಿ ಗುರುತಿಸಿ ಎಂ.ಎಸ್. ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಬಳಸುತ್ತಾರೆ. ಆದರೆ ಅದು ಕುತ್ತಿಗೆಯ ಹೆದ್ದಾರಿಯಲ್ಲ, ಮಿದುಳಿನೊಳಗಿನ ಓಣಿ. ರೋಗನಿರೋಧಕ ಕಣಗಳು ಆ ಓಣಿಯ ಗೋಡೆ ಹಾರಿಕೊಂಡು ಒಳಗೆ ನುಗ್ಗುತ್ತವೆ. ಜಾಂಬೋನಿಯವರು ಊಹಿಸಿದ್ದು ತಪ್ಪಲ್ಲ. ಊಹೆ ಮತ್ತು ಆಪರೇಷನ್ ಥಿಯೇಟರಿನ ನಡುವೆ ಇರಬೇಕಾದ ದೂರವನ್ನು ಲೋಕವೆಲ್ಲ ಸೇರಿ ಒಂದು ರಾತ್ರಿಯಲ್ಲಿ ದಾಟಿಬಿಟ್ಟದ್ದು ತಪ್ಪು.

ದಾಟಿಸಿದ್ದು ಆ ಸಿದ್ಧಾಂತದ ಸರಳತೆ. ಬಚ್ಚಲ ಮೋರಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ನಿಂತ ನೀರು ನಾರುತ್ತದೆ, ಕೋಲು ಹಾಕಿ ಬಿಡಿಸಿದರೆ ಸರಾಗವಾಗುತ್ತದೆ. ನರರೋಗ ತಜ್ಞರು ಟಿ ಕೋಶ, ಬಿ ಕೋಶ, ಎಚ್‌ಎಲ್‌ಎ ಜೀನು ಎಂದು ಬಾಯಿ ತೆರೆದರೆ ರೋಗಿಯ ಮನೆಯವರು ಗಡಿಯಾರ ನೋಡುತ್ತಾರೆ. ಮೋರಿ ಕಟ್ಟಿದೆ ಎಂದರೆ ಮನೆಯ ಅಜ್ಜಿಯೂ ಹೌದೌದು ಎನ್ನುತ್ತಾಳೆ. ತಕರಾರು ಇಷ್ಟೆ, ಮನುಷ್ಯನ ಕುತ್ತಿಗೆ ಬಚ್ಚಲಲ್ಲ. ನೀವು ಈ ಲೇಖನವನ್ನು ಕೂತು ಓದುತ್ತಿದ್ದರೆ ಈ ಕ್ಷಣ ನಿಮ್ಮ ಜುಗ್ಯುಲರ್ ನಾಳಗಳು ಬಹುಮಟ್ಟಿಗೆ ಚಪ್ಪಟೆಯಾಗಿವೆ. ರಕ್ತ ಬೆನ್ನೆಲುಬಿನ ಸುತ್ತಲಿನ ನಾಳಗಳ ಜಾಲದಲ್ಲಿ ಇಳಿದುಹೋಗುತ್ತಿದೆ. ಮಲಗಿದರೆ ಜುಗ್ಯುಲರ್ ಮತ್ತೆ ತುಂಬಿಕೊಳ್ಳುತ್ತದೆ. ಕುತ್ತಿಗೆಗೆ ಹಬ್ಬಿದ ಕ್ಯಾನ್ಸರಿನ ಆಪರೇಷನ್‌ನಲ್ಲಿ ಈ ನಾಳವನ್ನೇ ಕತ್ತರಿಸಿ ತೆಗೆಯುವುದು ಸರ್ಜನ್‌ಗಳಿಗೆ ಹಳೆಯ ಕೆಲಸ. ಮುಖ ಊದಿಕೊಂಡದ್ದುಂಟು, ತಲೆನೋವು ಬಂದದ್ದುಂಟು. ನಾಳ ಹೋಯಿತೆಂದು ಎಂ.ಎಸ್. ಅಂಟಿಕೊಂಡಿಲ್ಲ.

ಹಾಗಾದರೆ ನೂರಕ್ಕೆ ನೂರು ಬಂದದ್ದು ಹೇಗೆ? ಅಲ್ಟ್ರಾಸೌಂಡ್ ಕೋಣೆಗೆ ಒಮ್ಮೆ ಹೋಗಿಬರೋಣ. ರೋಗಿ ಅಂಗಾತ ಮಲಗಿದ್ದಾನೆ. ಕುತ್ತಿಗೆಗೆ ತಣ್ಣನೆಯ ಜೆಲ್ ಬಳಿದಿದ್ದಾರೆ. ಪ್ರೋಬನ್ನು ದವಡೆಯ ಕೆಳಗಿನಿಂದ ಕೊರಳೆಲುಬಿನವರೆಗೆ ಜಾರಿಸುತ್ತಾರೆ. ಅಪಧಮನಿಯ ಗೋಡೆ ದಪ್ಪ, ಒತ್ತಿದರೆ ಜಗ್ಗುವುದಿಲ್ಲ. ಅಭಿಧಮನಿಯದು ತೆಳು. ಕೈ ಒಂದಿಷ್ಟು ಭಾರವಾದರೆ ಸಾಕು, ಪರದೆಯ ಮೇಲಿನ ಕಪ್ಪು ವೃತ್ತ ಮುಚ್ಚಿ ಬರೀ ಗೀಟಾಗುತ್ತದೆ; ಸಡಿಲಿಸಿದರೆ ಮತ್ತೆ ವೃತ್ತ. ತಲೆ ಹೊರಳಿಸಿದರೆ ಒಂದು ಅಳತೆ, ಉಸಿರೆಳೆದರೆ ಇನ್ನೊಂದು, ಬೆಳಗ್ಗೆಯಿಂದ ನೀರು ಕುಡಿಯದೆ ಬಂದಿದ್ದರೆ ಮತ್ತೊಂದು. ಜಾಂಬೋನಿಯವರ ಐದು ಮಾನದಂಡಗಳಲ್ಲಿ ಎರಡು ಸಿಕ್ಕರೆ ಸಿಸಿಎಸ್‌ವಿಐ ಇದೆ ಎಂದು ಷರಾ. ಒಳಗೆ ಬಂದವನು ಊರುಗೋಲು ಹಿಡಿದು ಬಂದನೋ ಮೆಟ್ಟಿಲು ಹಾರಿಕೊಂಡು ಬಂದನೋ ಎಂಬುದು ಪ್ರೋಬ್ ಹಿಡಿದವರಿಗೆ ಗೊತ್ತಿದ್ದರೆ ಯಾರ ಕುತ್ತಿಗೆಯ ಮೇಲೆ ಕೈ ಎಷ್ಟು ಭಾರ ಬೀಳುತ್ತದೆ? ಯಾರೂ ಬೇಕೆಂದು ಮೋಸ ಮಾಡಬೇಕಿಲ್ಲ. ಕೈಗೂ ಅದರದೇ ಆಸೆಗಳಿರುತ್ತವೆ.

ಅದೇ 2009ರ ಡಿಸೆಂಬರಿನಲ್ಲಿ ಎರಡನೆಯ ಲೇಖನ ಬಂತು. 65 ರೋಗಿಗಳಿಗೆ ಬಲೂನು ಊದಿಸಿದ ವರದಿ. ಹಲವರು ಸುಧಾರಿಸಿದರು ಎಂದಿತ್ತು. ಬಲೂನು ಊದಿಸದೆ ಸುಮ್ಮನೆ ಗಮನಿಸಿದ ಇನ್ನೊಂದು ಗುಂಪು ಹೋಲಿಕೆಗೆ ಇತ್ತೇ ಎಂದರೆ, ಇರಲಿಲ್ಲ. ಬಂದು ಹೋಗುವ ರೋಗದಲ್ಲಿ ಹೋದದ್ದು ಬಲೂನಿನಿಂದ ಹೋಯಿತೋ ತಾನಾಗಿ ಹೋಯಿತೋ ಎಂದು ಹೇಳುವವರು ಯಾರು? ಅಗಲಿಸಿದ ಜುಗ್ಯುಲರ್ ನಾಳಗಳಲ್ಲಿ ಶೇ. 47 ಮತ್ತೆ ಕಿರಿದಾದವು ಎಂಬುದೂ ಅದೇ ವರದಿಯಲ್ಲಿತ್ತು. ಆ ಸಂಖ್ಯೆಯನ್ನು ಯಾರೂ ಬ್ಯಾನರಿನಲ್ಲಿ ಬರೆಸಲಿಲ್ಲ.

ಈ ಎರಡನೆಯ ಲೇಖನ ಅಚ್ಚಾಗುವಷ್ಟೂ ಟಿವಿಗೆ ತಾಳ್ಮೆ ಇರಲಿಲ್ಲ. 2009ರ ನವೆಂಬರ್ 21ರ ಶನಿವಾರ ಕೆನಡಾದ ಸಿಟಿವಿ ಚಾನೆಲ್ಲಿನ ‘ಡಬ್ಲ್ಯೂ5’ ಕಾರ್ಯಕ್ರಮ ವಿಮೋಚನೆಯ ಕತೆಯನ್ನು ದೇಶಕ್ಕೆ ತೋರಿಸಿತು. ಅದೇ ದಿನ ‘ಗ್ಲೋಬ್ ಅಂಡ್ ಮೇಲ್’ ಪತ್ರಿಕೆ ಪ್ರೀತಿಯ ದುಡಿಮೆ, ಮಹಾಸಾಧನೆ ಎರಡನ್ನೂ ಒಂದೇ ತಲೆಬರಹದಲ್ಲಿ ಕೂರಿಸಿತು. ಕತೆಯಲ್ಲಿ ಏನಿಲ್ಲ ಹೇಳಿ. ಕಾಯಿಲೆಯ ಹೆಂಡತಿ, ಕೈಬಿಡದ ಗಂಡ, ಹಳೆಯ ಇಟಲಿಯ ಊರು, ತಲೆಯಾಡಿಸಿ ನಿರಾಕರಿಸುವ ದೊಡ್ಡ ಡಾಕ್ಟರುಗಳು, ಕೊನೆಗೆ ಒಂದು ಬಲೂನು. ನಮ್ಮ ಸಿನಿಮಾದವರಾಗಿದ್ದರೆ ಇದಕ್ಕೆ ಎರಡು ಹಾಡು ಸೇರಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಜಗತ್ತಿನಲ್ಲಿ ಎಂ.ಎಸ್. ಅತಿ ಹೆಚ್ಚು ಇರುವ ದೇಶಗಳಲ್ಲಿ ಕೆನಡಾ ಒಂದು. ಆ ಶನಿವಾರ ರಾತ್ರಿ ಕಾರ್ಯಕ್ರಮ ನೋಡಿದವರಲ್ಲಿ ಗಾಲಿಕುರ್ಚಿಯಲ್ಲಿ ಕೂತು ನೋಡಿದವರೂ ಇದ್ದರು ಎಂಬುದನ್ನು ಕಾರ್ಯಕ್ರಮ ಮಾಡಿದವರು ಮರೆತಿರಲಿಲ್ಲ. ಅವರನ್ನು ನೆನೆದೇ ಮಾಡಿದ್ದು.

ಆಮೇಲೆ ನಡೆದದ್ದು ಜಾತ್ರೆ. ಫೇಸ್‌ಬುಕ್ಕಿನಲ್ಲಿ ನೂರಾರು ಗುಂಪುಗಳು ಎದ್ದವು. ಬಲೂನು ಊದಿಸಿಕೊಂಡವರು ಆಸ್ಪತ್ರೆಯ ಹಾಸಿಗೆಯಿಂದಲೇ ವಿಡಿಯೊ ಹಾಕಿದರು: ತಣ್ಣಗಿದ್ದ ಕೈ ಬೆಚ್ಚಗಾಯಿತು, ತಲೆಯಲ್ಲಿದ್ದ ಮಂಕು ಕರಗಿತು, ನೋಡಿ ನಡೆಯುತ್ತಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆರು ತಿಂಗಳ ಮೇಲೆ ಮತ್ತೆ ಕಾಲು ಎಳೆಯತೊಡಗಿದಾಗ ಯಾರೂ ಅಷ್ಟೇ ಉತ್ಸಾಹದಿಂದ ಇನ್ನೊಂದು ವಿಡಿಯೊ ಮಾಡುವುದಿಲ್ಲ. ಗುಣವಾಗದವರ ವಿಡಿಯೊಗಳ ಸಂಗ್ರಹ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಜಾತ್ರೆ ಎಂದ ಮೇಲೆ ರಾಜಕಾರಣಿ ಬಾರದೆ ಇರುತ್ತಾನೆಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. 2010ರ ಜುಲೈಯಲ್ಲಿ ಸಸ್ಕ್ಯಾಚುವಾನ್ ಪ್ರಾಂತ್ಯದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಬ್ರಾಡ್ ವಾಲ್ ವಿಮೋಚನೆಯ ಪ್ರಯೋಗಕ್ಕೆ ದುಡ್ಡು ಕೊಡುವುದಾಗಿ ಸಾರಿದರು. 50 ಲಕ್ಷ ಡಾಲರ್ ತೆಗೆದಿಟ್ಟರು. ತಿಂಗಳು ಕಳೆದು ಕೇಂದ್ರದ ವೈದ್ಯ ಸಂಶೋಧನಾ ಮಂಡಳಿ ತಜ್ಞರನ್ನು ಕೂರಿಸಿ ಕೇಳಿತು. ಈಗಲೇ ಪ್ರಯೋಗ ಬೇಡ, ಮೊದಲು ಈ ಕಿರಿದಾದ ನಾಳ ನಿಜವಾಗಿ ಇದೆಯೇ ನೋಡಿ ಎಂದು ಅವರು ಒಕ್ಕೊರಲಿನಿಂದ ಹೇಳಿದರು. ವರ್ಷ ತುಂಬುವುದರೊಳಗೆ ಕೇಂದ್ರದ ಆರೋಗ್ಯ ಮಂತ್ರಿ ಪ್ರಯೋಗಕ್ಕೆ ಹಣ ಕೊಡುವುದಾಗಿ ಘೋಷಿಸಿದರು. ಸಂಸತ್ತಿಗೆ ಸಿಸಿಎಸ್‌ವಿಐ ಮಸೂದೆಯೊಂದು ಬಂದು 2012ರಲ್ಲಿ ಬಿದ್ದುಹೋಯಿತು. ರಕ್ತನಾಳದ ಅಗಲವನ್ನು ಕೈ ಎತ್ತಿಸಿ ತೀರ್ಮಾನಿಸಲು ಹೊರಟ ದೇಶ ಬೇರೆ ಯಾವುದಿದೆಯೋ ಕಾಣೆ. ಇಂಥದ್ದೆಲ್ಲ ನಮ್ಮ ವಿಧಾನಸೌಧದ ಸೊತ್ತು ಎಂದುಕೊಂಡು ಕೊರಗುತ್ತಿದ್ದವರು ಸಮಾಧಾನ ಮಾಡಿಕೊಳ್ಳಬಹುದು.

ಸಸ್ಕ್ಯಾಚುವಾನ್ ತನ್ನ 86 ರೋಗಿಗಳನ್ನು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ನಡೆಯುವ ಪ್ರಯೋಗಕ್ಕೆ ಸೇರಿಸಲು ಯೋಜನೆ ಹಾಕಿತು. 2012ರ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಟ್ಟರು. ಬೇಕಾದಷ್ಟು ಜನ ಸೇರಲಿಲ್ಲ. ಯಾಕೆ ಸೇರುತ್ತಾರೆ? ಪ್ರಯೋಗ ಎಂದರೆ ಚೀಟಿ ಎತ್ತಿದಾಗ ಅರ್ಧ ಜನಕ್ಕೆ ಸೋಗಿನ ಆಪರೇಷನ್. ದುಡ್ಡು ಹೊಂದಿಸಿಕೊಂಡು ವಿಮಾನ ಹತ್ತಿದರೆ ಎಲ್ಲರಿಗೂ ಅಸಲಿ.

ವಿಮಾನಗಳು ಪೋಲೆಂಡಿಗೆ, ಬಲ್ಗೇರಿಯಾಕ್ಕೆ, ಮೆಕ್ಸಿಕೊಗೆ, ಕೋಸ್ಟರಿಕಾಕ್ಕೆ ಹೋದವು. ಭಾರತವೂ ಹಿಂದೆ ಬೀಳಲಿಲ್ಲ. ಮೆಡಿಕಲ್ ಟೂರಿಸಂ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ವ್ಯಾಪಾರದಲ್ಲಿ ಕೆನಡಾದವರ ಕುತ್ತಿಗೆಯೂ ಒಂದು ಐಟಂ ಆಯಿತು. ಗಿರಾಕಿ ಬರುವುದು ಡಾಲರಿನೊಂದಿಗೆ, ಹೋಗುವುದು ಕೈಮುಗಿದು, ತೊಂದರೆಯಾದರೆ ಹನ್ನೆರಡು ಸಾವಿರ ಕಿಲೋಮೀಟರ್ ದೂರದಲ್ಲಿ. ಇದಕ್ಕಿಂತ ಅನುಕೂಲದ ರೋಗಿ ಎಲ್ಲಿ ಸಿಗುತ್ತಾನೆ? ಅತ್ತ ಕೆನಡಾದ ಸಣ್ಣ ಊರುಗಳಲ್ಲಿ ನೆರೆಹೊರೆಯವರು ಊಟದ ಕೂಟ ನಡೆಸಿ ಚಂದಾ ಎತ್ತಿ ಇವರನ್ನು ಕಳಿಸಿಕೊಟ್ಟಿದ್ದರು. ಇತ್ತ ಭಾರತದಲ್ಲೇ ಎಂ.ಎಸ್. ಇದ್ದವರು ತಿಂಗಳ ಇಂಜೆಕ್ಷನ್ನಿಗೆ ತಮ್ಮ ಜೇಬಿನಿಂದ ದುಡ್ಡು ಹೊಂದಿಸಲಾರದೆ ಡೋಸು ತಪ್ಪಿಸುತ್ತಿದ್ದರು. ಅವರ ವಿಮೋಚನೆಗೆ ಯಾವ ಪ್ಯಾಕೇಜೂ ಇರಲಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವುದಕ್ಕೂ ಮನೆ ಸ್ವಲ್ಪ ದೊಡ್ಡದಿರಬೇಕು.

ಬಲೂನು ತಾನೇ, ಕೆಲಸ ಮಾಡಿದರೆ ಮಾಡಿತು, ಇಲ್ಲದಿದ್ದರೆ ಇಲ್ಲ, ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದರು. ಹೋದದ್ದು ಇಷ್ಟು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲವು ರೋಗಿಗಳಿಗೆ ಬಲೂನಿನ ಬದಲು ಲೋಹದ ಸ್ಟೆಂಟ್ ಇಟ್ಟರು. ಹೃದಯದ ಅಪಧಮನಿಯಲ್ಲಿ ಸ್ಟೆಂಟ್ ಗಟ್ಟಿಯಾಗಿ ಕೂರುತ್ತದೆ, ಯಾಕೆಂದರೆ ನಾಳ ಹೃದಯದಿಂದ ದೂರ ಹೋಗುತ್ತಾ ಸಣ್ಣದಾಗುತ್ತದೆ. ಅಭಿಧಮನಿ ಹೃದಯದ ಕಡೆಗೆ ಹೋಗುತ್ತಾ ದೊಡ್ಡದಾಗುತ್ತದೆ. ಅಲ್ಲಿ ಸಡಿಲಾದ ಸ್ಟೆಂಟ್ ನೇರ ಹೃದಯಕ್ಕೇ ಇಳಿಯುತ್ತದೆ. ಒಬ್ಬ ರೋಗಿಯಲ್ಲಿ ಹಾಗೇ ಆಯಿತು, ಎದೆ ಸೀಳಿ ತೆಗೆಯಬೇಕಾಯಿತು. ಇನ್ನೊಬ್ಬರು ರಕ್ತ ತೆಳುಮಾಡುವ ಔಷಧದಲ್ಲಿದ್ದಾಗ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಲ್ಲಿ ಕೆಲಸ ನಿಲ್ಲಿಸಿದರು. ಕೋಸ್ಟರಿಕಾದಲ್ಲಿ ಸ್ಟೆಂಟ್ ಹಾಕಿಸಿಕೊಂಡ ಕೆನಡಾದ ಯುವಕನೊಬ್ಬ ರಕ್ತ ಹೆಪ್ಪುಗಟ್ಟಿ 2010ರಲ್ಲಿ ಸತ್ತ. 2012ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು: ಸಾವು, ಪಾರ್ಶ್ವವಾಯು, ಜಾರಿದ ಸ್ಟೆಂಟ್, ಹರಿದ ನಾಳ, ಹೆಪ್ಪುಗಟ್ಟಿದ ರಕ್ತ, ನರಕ್ಕೆ ಪೆಟ್ಟು.

ಇಷ್ಟೆಲ್ಲ ಬರೆದ ಮೇಲೆ ರೋಗಿಗಳನ್ನು ಮೂರ್ಖರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನಾನು ಕರೆಯುವುದಿಲ್ಲ. 2009ರಲ್ಲಿ ಏರುತ್ತಲೇ ಹೋಗುವ ಬಗೆಯ ಎಂ.ಎಸ್. ಇದ್ದವರಿಗೆ ಕೊಡಲು ನರರೋಗ ತಜ್ಞರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇಲ್ಲ ಎಂದು ಹೇಳುವ ರೀತಿಯಾದರೂ ಇತ್ತೇ? ‘ಡಾಕ್ಟ್ರೇ, ಕುತ್ತಿಗೆ ಸ್ಕ್ಯಾನ್ ಒಂದು ಮಾಡಿಸಬಹುದಾ?’ ‘ಏನೂ ಅಗತ್ಯವಿಲ್ಲ.’ ‘ಯಾಕೆ ಅಂತ ಒಂದು ಮಾತು...’ ‘ಮುಂದಿನ ಪೇಷೆಂಟನ್ನ ಕಳಿಸಿ.’ ಈ ಸಂಭಾಷಣೆ ನಡೆಯಲು ಕೆನಡಾಕ್ಕೇ ಹೋಗಬೇಕಿಲ್ಲ. ಆ ಮುಚ್ಚಿದ ಬಾಗಿಲಿನ ಹೊರಗೆ ಕೂತವರಿಗೆ ಔಷಧ ಕಂಪನಿಗಳ ಪಿತೂರಿಯ ಕತೆ ರುಚಿಸಿತು. ವರ್ಷಕ್ಕೆ ಸಾವಿರಾರು ಡಾಲರಿನ ಇಂಜೆಕ್ಷನ್ ಮಾರುವವರು ಒಂದೇ ಸಲದ ಬಲೂನಿಗೆ ಒಪ್ಪುತ್ತಾರೆಯೇ ಎಂಬ ವಾದ. ಔಷಧ ಕಂಪನಿಗಳ ಬಗ್ಗೆ ಕೆಟ್ಟದ್ದನ್ನು ನಂಬುವುದು ಕಷ್ಟವಲ್ಲ, ಅವು ಅದಕ್ಕೆ ಬೇಕಾದಷ್ಟು ದುಡಿದಿವೆ. ಆದರೆ ಬಲೂನನ್ನೂ ಒಂದು ಕಂಪನಿಯೇ ಮಾಡುತ್ತದೆ, ಅದಕ್ಕೂ ಬಿಲ್ ಇದೆ ಎಂಬುದು ಪಿತೂರಿಯ ಲೆಕ್ಕದಲ್ಲಿ ಬರುವುದೇ ಇಲ್ಲ.

ಇನ್ನು ಅಂಕಪಟ್ಟಿಯ ಮರುಮೌಲ್ಯಮಾಪನ. ಅಮೆರಿಕದ ಬಫಲೋದವರು ಸುಮಾರು 500 ಜನರನ್ನು ನೋಡಿದರು. ಎಂ.ಎಸ್. ಇದ್ದವರಲ್ಲಿ ಶೇ. 56ರಷ್ಟು ಮಂದಿಗೆ ಸಿಸಿಎಸ್‌ವಿಐ, ಆರೋಗ್ಯವಂತರಲ್ಲೂ ಶೇ. 23ರ ಹತ್ತಿರ. ಬೇರೆ ನರರೋಗ ಇದ್ದವರಲ್ಲಿ ಶೇ. 42. ನೂರರಿಂದ ಐವತ್ತಾರಕ್ಕೆ ಇಳಿದಾಗಲೇ ಸದ್ದಿಲ್ಲದೆ ಅಂಗಡಿ ಮುಚ್ಚಬಹುದಿತ್ತು. ಬಳಿಕ ಇಟಲಿಯವರೇ ‘ಕಾಸ್ಮೊ’ ಎಂಬ ಅಧ್ಯಯನ ಮಾಡಿದರು. 1767 ಜನ. ಪ್ರೋಬ್ ಹಿಡಿದವರಿಗೆ ಯಾರು ರೋಗಿ ಎಂದು ಹೇಳಲಿಲ್ಲ. ಚಿತ್ರಗಳನ್ನು ಕೇಂದ್ರದಲ್ಲಿ ಕೂತ ಬೇರೆ ತಜ್ಞರು ಮತ್ತೆ ಓದಿದರು. 2013ರ ಫಲಿತಾಂಶ: ಎಂ.ಎಸ್. ಇದ್ದವರಲ್ಲಿ ಶೇ. 3.26, ಆರೋಗ್ಯವಂತರಲ್ಲಿ ಶೇ. 2.13. ಅದೇ ವರ್ಷ ಕೆನಡಾದ ಆಂಥೋನಿ ಟ್ರಬೌಲ್ಸಿ ತಂಡ ‘ಲ್ಯಾನ್ಸೆಟ್’ನಲ್ಲಿ ಬರೆಯಿತು. ಇವರು ಅಲ್ಟ್ರಾಸೌಂಡನ್ನು ನಂಬಿ ಕೂರದೆ ನಾಳದೊಳಗೇ ಕೊಳವೆ ಬಿಟ್ಟು ಬಣ್ಣ ತುಂಬಿ ಎಕ್ಸ್‌ರೇ ತೆಗೆದಿದ್ದರು. ಅರ್ಧಕ್ಕಿಂತ ಹೆಚ್ಚು ಕಿರಿದಾದ ನಾಳ ಎಂ.ಎಸ್. ರೋಗಿಗಳಲ್ಲಿ ಶೇ. 74, ಅವರ ಒಡಹುಟ್ಟಿದವರಲ್ಲಿ ಶೇ. 66, ಯಾವ ಸಂಬಂಧವೂ ಇಲ್ಲದ ಆರೋಗ್ಯವಂತರಲ್ಲಿ ಶೇ. 70. ಎಂದರೆ ಕುತ್ತಿಗೆಯ ನಾಳ ಕಿರಿದಾಗಿರುವುದು ರೋಗವಲ್ಲ, ಅದು ಕುತ್ತಿಗೆಯ ಸ್ವಭಾವ. ನಿಮ್ಮದೂ ಹಾಗೇ ಇರಬಹುದು, ನನ್ನದೂ.

ಕೊನೆಗೆ ಆ ಸೋಗಿನ ಆಪರೇಷನ್. ಕೆನಡಾದ ನಾಲ್ಕು ಊರುಗಳಲ್ಲಿ 104 ರೋಗಿಗಳನ್ನು ತೆಗೆದುಕೊಂಡರು. 49 ಜನಕ್ಕೆ ಬಲೂನು, 55 ಜನಕ್ಕೆ ಸೋಗು. ಸೋಗು ಎಂದರೆ ತಮಾಷೆಯಲ್ಲ. ಅದೇ ಥಿಯೇಟರು, ಅದೇ ಹಸಿರು ಬಟ್ಟೆ, ಅದೇ ತೊಡೆಸಂದಿಯ ಚುಚ್ಚು, ಅದೇ ಕೊಳವೆ ಕುತ್ತಿಗೆವರೆಗೆ ಏರುತ್ತದೆ. ಬಲೂನು ಮಾತ್ರ ಊದುವುದಿಲ್ಲ. ರೋಗಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿಲ್ಲ. 48 ವಾರ ಕಳೆದ ಮೇಲೆ ಲಕೋಟೆ ಒಡೆದರು. ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಇರಲಿಲ್ಲ. 2017ರ ಮಾರ್ಚ್‌ನಲ್ಲಿ ಇದನ್ನು ಸಾರಿದಾಗ ಯಾವ ಶನಿವಾರದ ವಿಶೇಷ ಕಾರ್ಯಕ್ರಮವೂ ದೇಶವನ್ನು ಹಿಡಿದು ಕೂರಿಸಲಿಲ್ಲ. ಗೌರವ ಸಲ್ಲಬೇಕಾದದ್ದು ಆ 104 ಜನಕ್ಕೆ. ಅಸಲಿ ಬಲೂನನ್ನು ಮಾರುವವರು ಬೀದಿ ಬೀದಿಯಲ್ಲಿ ಕೂತಿದ್ದಾಗ, ತಮಗೆ ನಕಲಿ ಸಿಕ್ಕರೂ ಸಿಗಲಿ ಎಂದು ಇವರು ಮೇಜಿನ ಮೇಲೆ ಮಲಗಿದರು.

ಜಾಂಬೋನಿಯವರಿಗೂ ಇದರಲ್ಲಿ ಒಂದು ಪಾಲು ಕೊಡಬೇಕು. ‘ಬ್ರೇವ್ ಡ್ರೀಮ್ಸ್’ ಎಂಬ ಹೆಸರಿನಲ್ಲಿ ಇಟಲಿಯ ಹಲವು ಆಸ್ಪತ್ರೆಗಳಲ್ಲಿ ಅವರೇ ಸೋಗಿನ ಗುಂಪಿನೊಂದಿಗೆ ಪ್ರಯೋಗ ನಡೆಸಿದರು. 2017ರ ನವೆಂಬರಿನಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಫಲಿತಾಂಶ ಬಂತು. ಬಲೂನು ಅಪಾಯವೇನೂ ಮಾಡಲಿಲ್ಲ, ಬಹುಮಟ್ಟಿಗೆ ಉಪಯೋಗವನ್ನೂ ಮಾಡಲಿಲ್ಲ, ಎಂ.ಎಸ್. ರೋಗಿಗಳಿಗೆ ಇದನ್ನು ಶಿಫಾರಸು ಮಾಡಲಾಗದು ಎಂದು ಅವರ ಸಹಿಯ ಕೆಳಗೇ ಅಚ್ಚಾಯಿತು. ತನ್ನ ಕೂಸಿಗೆ ತಾನೇ ಹೀಗೆ ಷರಾ ಬರೆದ ವಿಜ್ಞಾನಿಗಳು ಹೆಚ್ಚಿಲ್ಲ. ತೊಂದರೆಯೆಂದರೆ ಅದು ಎಂಟು ವರ್ಷ ತಡವಾಗಿ ಬಂತು. ಈ ಪ್ರಯೋಗ ಮೊದಲು, ಟಿವಿ ಆಮೇಲೆ ಆಗಿದ್ದರೆ ನಾನು ಈ ಅಂಕಣಕ್ಕೆ ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.

ಈ ಎಂಟು ವರ್ಷ ಎಂ.ಎಸ್. ಸಂಶೋಧನೆ ನಿಂತಿರಲಿಲ್ಲ. ಆರಂಭದಿಂದಲೇ ಏರುತ್ತಾ ಹೋಗುವ ಬಗೆಗೆ ಮೊದಲ ಔಷಧ ಒಕ್ರೆಲಿಝುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ 2017ರ ಮಾರ್ಚ್‌ನಲ್ಲಿ. ಅದು ಹಿಡಿಯುವುದು ಬಿ ಕೋಶಗಳನ್ನು, ಗಡಿಯಾರ ನೋಡಿಸುತ್ತಿದ್ದ ಅದೇ ಕೋಶಗಳನ್ನು. 2022ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಅಂಕಪಟ್ಟಿ ಬಂತು. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಜನರ ದಾಖಲೆ ಜಾಲಾಡಿದರು. ಎಪ್‌ಸ್ಟೀನ್ ಬಾರ್ ಎಂಬ ವೈರಸ್ ಸೋಂಕಿದ ಮೇಲೆ ಎಂ.ಎಸ್. ಬರುವ ಸಂಭವ 32 ಪಟ್ಟು ಏರಿತ್ತು. ನೋಡಿದ 801 ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಕೊನೆಯ ರಕ್ತಪರೀಕ್ಷೆಯವರೆಗೂ ಆ ಸೋಂಕು ಇರಲಿಲ್ಲ. ಆ ಒಬ್ಬರನ್ನು ಅವರು ಮುಚ್ಚಿಡದೆ ಬರೆದರು. ದೊಡ್ಡವರಾದ ನಮ್ಮೆಲ್ಲರ ಮೈಯಲ್ಲೂ ಬಹುಪಾಲು ಈ ವೈರಸ್ ಇದೆ, ಎಲ್ಲರಿಗೂ ಎಂ.ಎಸ್. ಬರುವುದಿಲ್ಲ ಎಂಬುದನ್ನೂ ಮರೆಯಲಿಲ್ಲ. ಬಲೂನು ಹಾಕಿ ತೆಗೆಯಲು ಬರುವಂಥದ್ದಲ್ಲವಾದ್ದರಿಂದ ವೈರಸ್‌ಗಾಗಿ ಯಾರೂ ವಿಮಾನ ಹತ್ತಲಿಲ್ಲ.

ಬಲೂನು ಏನಾಯಿತು ಎಂದು ಕೇಳುತ್ತೀರಾ? ಎಂ.ಎಸ್. ರೋಗಿಗಳ ಕುತ್ತಿಗೆಯಲ್ಲಿ ಬೇಡಿಕೆ ಕುಸಿಯತೊಡಗಿದಾಗ ಅಮೆರಿಕದಲ್ಲಿ ಕೆಲವರು ಅದೇ ಜುಗ್ಯುಲರ್ ನಾಳದಲ್ಲಿ ಅದೇ ಬಲೂನನ್ನು ಊದಿಸಿ, ಇದು ರಕ್ತದೊತ್ತಡ, ಎದೆಬಡಿತಗಳನ್ನು ಹತೋಟಿಯಲ್ಲಿಡುವ ಸ್ವನಿಯಂತ್ರಿತ ನರಮಂಡಲದ ದೋಷಕ್ಕೆ ಚಿಕಿತ್ಸೆ ಎಂದು ಹೊಸ ಬೋರ್ಡು ತೂಗುಹಾಕಿದರು. ಎಂ.ಎಸ್. ಇರುವವರೂ ಈ ಬಾಗಿಲಿನಿಂದ ಮತ್ತೆ ಒಳಗೆ ಬರಬಹುದಿತ್ತು. ಇದು ಪರೀಕ್ಷೆಯಾಗದ ಚಿಕಿತ್ಸೆ, ಹುಷಾರು ಎಂದು ಎಫ್‌ಡಿಎ ಎರಡನೆಯ ಎಚ್ಚರಿಕೆ ಹೊರಡಿಸಿದ್ದು ಕೂಡ 2017ರ ಮಾರ್ಚ್‌ನಲ್ಲೇ.